ಜೋಜಪ್ಪ ಮಾಸ್ತರರ ಹತ್ತೂವರೆಯ ಕ್ಲಾಸು

ದೇವದುರ್ಗ
೧೯ ಜೂನ್ ೨೦೨೪

ಅಪ್ಪನಿಗೆ ಸಲೋಮಿಯ ನಮಸ್ಕಾರ.

ಫೋನ್ ಮಾಡಿದರೆ ನಿಮಗೆ ಕೇಳುವುದಿಲ್ಲ. ಕೇಳಿದಷ್ಟೂ ಅರ್ಧಂಬರ್ಧ, ಆಮೇಲೆ ಅವ್ವನ ಕೈಗೆ ಕೊಟ್ಟು ಎದ್ದು ಹೋಗುತ್ತೀರಿ. ಕಿವಿಗೆ ಹಾಕುವ ಮಿಷನ್ ತಂದ ಡಬ್ಬಿಯಲ್ಲೇ ಮಲಗಿದೆ. ಆದ್ದರಿಂದ ಬರೆಯುತ್ತಿದ್ದೇನೆ. ಅಷ್ಟು ವರ್ಷ ಮಕ್ಕಳ ಕೈಯಲ್ಲಿ ಪತ್ರಲೇಖನ ಬರೆಸಿದ ಹೆಡ್‌ಮಾಸ್ತರರು ಸ್ವಂತ ಮಗಳ ಪತ್ರವನ್ನು ಓದದೆ ಹರಿದುಹಾಕಲಾರರು ಎಂಬ ಧೈರ್ಯ ನನಗಿದೆ.

ಹೋದ ಭಾನುವಾರ ನೀವು ಮೊಮ್ಮಗಳಿಗೆಂದು ಹೊಸ ಸ್ಕೂಲ್ ಬ್ಯಾಗ್ ಹಿಡಿದುಕೊಂಡು ಬಂದಿರಿ. ಅಗ್ನೇಸ್ ಈ ವರ್ಷ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಓದುತ್ತಾಳೆ ಎಂದು ನಾನು ಹೇಳಿದ್ದೇ ತಡ, ಕೊಟ್ಟ ನೀರನ್ನೂ ಮುಟ್ಟದೆ ಎದ್ದಿರಿ. ನಿಮ್ಮ ಅಳಿಯ ಬಸ್ ಸ್ಟ್ಯಾಂಡಿನ ತನಕ ಹಿಂದೆ ಬಂದರೂ ತಿರುಗಿ ನೋಡಲಿಲ್ಲವಂತೆ. ಬ್ಯಾಗು ಗೂಟಕ್ಕೆ ನೇತಾಡುತ್ತಿದೆ. ತಾತ ಯಾಕೆ ಸಿಟ್ಟಾದರು ಎಂದು ಹತ್ತು ವರ್ಷದ ಮಗು ಕೇಳಿದರೆ ನಾನು ಏನು ಹೇಳಲಿ?

ಮನೆಯಲ್ಲಿ ಓದುವುದು ಎಂದರೆ ಕೌದಿ ಹೊದ್ದು ಮಲಗುವುದಲ್ಲ ಅಪ್ಪ. ರಾಯಚೂರಿನ ಫಿಲೋಮಿನಾ ಟೀಚರ್ ಎಂಬುವರು, ಗಣಿತ ಕಲಿಸಿ ನಿವೃತ್ತರಾದವರು, ನಮ್ಮ ಕಥೋಲಿಕ ಮನೆಗಳ ಮಕ್ಕಳಿಗಾಗಿ ಆನ್‌ಲೈನ್ ಕ್ಲಾಸ್ ನಡೆಸುತ್ತಾರೆ. ರಾಯಚೂರು, ಬಳ್ಳಾರಿ, ಕಾರವಾರ, ಮಂಗಳೂರು ಕಡೆಯ ಹನ್ನೊಂದು ಮನೆ, ಹದಿನಾಲ್ಕು ಮಕ್ಕಳು. ಎಂದೋ ಮಾಡಿಟ್ಟ ವಿಡಿಯೋ ಅಲ್ಲ. ಒಂಬತ್ತಕ್ಕೆ ಸರಿಯಾಗಿ ಎಲ್ಲರೂ ತಂತಮ್ಮ ಮನೆಯಲ್ಲಿ ಕೂತು ಒಂದೇ ಹೊತ್ತಿಗೆ ಒಳಗೆ ಬರಬೇಕು. ತಡವಾದರೆ ಬಾಗಿಲ ಹೊರಗೇ ಕಾಯಬೇಕು, ಟೀಚರ್ ತೆರೆದಾಗಲೇ ಪ್ರವೇಶ. ಮೊದಲು ಬೆಳಗಿನ ಜಪ, ಆಮೇಲೆ ಗಣಿತ, ವಿಜ್ಞಾನ, ಕನ್ನಡ. ಬುಧವಾರ ಬಳ್ಳಾರಿಯ ಒಬ್ಬ ಫಾದರ್ ಧರ್ಮೋಪದೇಶ ಮಾಡುತ್ತಾರೆ. ಹನ್ನೆರಡು ಹೊಡೆಯಿತೆಂದರೆ ಭಾಗಾಕಾರ ಅರ್ಧದಲ್ಲಿದ್ದರೂ ನಿಲ್ಲಿಸಿ ತ್ರಿಕಾಲ ಪ್ರಾರ್ಥನೆ. ಮನೆಗೆಲಸದ ಫೋಟೋ ಸಂಜೆ ಆರರೊಳಗೆ ಕಳಿಸಬೇಕು. ಕರೆಂಟ್ ಹೋಗಿ ಪಾಠ ತಪ್ಪಿದವರಿಗೆ ಅದರ ರೆಕಾರ್ಡಿಂಗ್ ಸಿಗುತ್ತದೆ. ಕ್ಲಾಸ್ ಮುಗಿದ ಮೇಲೆ ಉಳಿದದ್ದೆಲ್ಲ ತಾಯಿಯ ಪಾಲು. ನಾನು ಲಂಗದ ಬಟ್ಟೆಗೆ ಕತ್ತರಿ ಹಾಕುತ್ತ ಮಗ್ಗಿ ಒಪ್ಪಿಸಿಕೊಳ್ಳುತ್ತೇನೆ.

ಮಗುವಿನ ಮೂರ್ಛೆ ಒಂದು ಹದಕ್ಕೆ ಬರುವ ತನಕ ಹೀಗೆ ನಡೆಯಲಿ ಎಂದು ನಾವಿಬ್ಬರೂ ಯೋಚಿಸಿಯೇ ಮಾಡಿದ್ದೇವೆ. ನೀವು ಹೂಂ ಎಂದರೆ ನನಗೆ ಧೈರ್ಯ ಬರುತ್ತದೆ. ನಿಮ್ಮ ಒಂದು ಸಾಲಿಗೆ ಕಾಯುತ್ತೇನೆ.

ನಿಮ್ಮ ಮಗಳು
ಸಲೋಮಿ


ಮಾನ್ವಿ
೨ ಜುಲೈ ೨೦೨೪

ಸಲೋಮಿಗೆ,

ಪತ್ರ ತಲುಪಿತು. ಹರಿದಿಲ್ಲ.

ನನ್ನ ತಾಯಿಯ ಸಂಗತಿಯನ್ನು ನಿನಗೆ ಹಿಂದೆಯೂ ಹೇಳಿದ್ದೇನೆ, ಮರೆತಿರುವೆಯಾದ್ದರಿಂದ ಮತ್ತೆ ಬರೆಯುತ್ತೇನೆ. ಕವಿತಾಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮ ಕೇರಿಯ ಮಕ್ಕಳನ್ನು ಶಾಲೆಯ ಒಳಗೆ ಕೂರಿಸುತ್ತಿರಲಿಲ್ಲ. ನನ್ನ ತಾಯಿ ಕೂಲಿ ಬಿಟ್ಟು ಬಂದು ಶಾಲೆಯ ಬಾಗಿಲಲ್ಲಿ ಕೂತಳು. ಎಷ್ಟೋ ದಿನ ಕೂತಳು. ಬೈಸಿಕೊಂಡಳು, ಏಳಲಿಲ್ಲ. ಕಡೆಗೆ ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಕೂರಲು ಬಿಟ್ಟರು. ಒಂದು ವರ್ಷ ಕಿಟಕಿಯಿಂದ ಪಾಠ ಕೇಳಿದೆ. ಒಳಗೆ ಕರೆದ ದಿನ ನನ್ನ ತಾಯಿ ಕೇರಿಗೆಲ್ಲ ಬೆಲ್ಲ ಹಂಚಿದಳು.

ಆಮೇಲೆ ಮಿಷನ್ನಿನ ಪಾದ್ರಿ ಸ್ವಾಮಿಗಳು ಬಂದರು, ಬೋರ್ಡಿಂಗು ಬಂತು, ನಾನು ಮಾಸ್ತರನಾದೆ. ನಮ್ಮ ಕೇರಿಯ ಒಂದೊಂದು ಮಗುವನ್ನೂ ಕೈಹಿಡಿದು ಶಾಲೆಯ ಗೇಟಿನೊಳಗೆ ತಂದು ಕೂರಿಸುವುದೇ ನನ್ನ ಆಯುಷ್ಯದ ಕೆಲಸವಾಯಿತು. ಅಂಥವನ ಮಗಳು ತನ್ನ ಮಗುವನ್ನು ತಾನೇ ಗೇಟಿನಿಂದ ಹೊರಗೆ ತಂದಿದ್ದಾಳೆ. ಮತ್ತೆ ಕಿಟಕಿಯ ಹೊರಗೆ ಕೂರಿಸಿ ಅದಕ್ಕೆ ಕ್ಲಾಸು ಎನ್ನುತ್ತಿದ್ದಾಳೆ. ಕಂಪ್ಯೂಟರಿನದಾದರೂ ಕಿಟಕಿ ಕಿಟಕಿಯೇ.

ಮೂರ್ಛೆ ಒಂದು ನೆಪ. ರೋಗವಿರುವ ಮಕ್ಕಳಿಗೂ ಶಾಲೆಯಲ್ಲಿ ಹಕ್ಕಿದೆ. ನೀನು ಹೋಗಿ ಕೇಳಬೇಕಿತ್ತು. ಹೂಂ ಎನ್ನಲು ನನ್ನಿಂದಾಗದು.

ಜೋಜಪ್ಪ


ದೇವದುರ್ಗ
೯ ಆಗಸ್ಟ್ ೨೦೨೪

ಅಪ್ಪ,

ನಿಮ್ಮ ಪತ್ರ ಬಂದು ಐದು ವಾರವಾಯಿತು. ಸಿಟ್ಟಿನಲ್ಲಿ ಬರೆಯಬಾರದೆಂದು ಕಾದೆ. ಸಿಟ್ಟು ಇಳಿಯಲಿಲ್ಲ, ಇರಲಿ, ಸಿಟ್ಟಿನಲ್ಲೇ ಬರೆಯುತ್ತೇನೆ.

ಹೋಗಿ ಕೇಳಿದ್ದೆ ಅಪ್ಪ. ನಿಮಗೆ ಹೇಳಿರಲಿಲ್ಲ ಅಷ್ಟೆ. ಹೇಳಿದರೆ ನೀವು ಮೊದಲ ಬಸ್ಸಿಗೇ ಬಂದು ಜಗಳ ತೆಗೆಯುತ್ತೀರಿ, ಬಿಪಿ ಏರಿಸಿಕೊಳ್ಳುತ್ತೀರಿ ಎಂದು ಅವ್ವ ಆಣೆ ಹಾಕಿಸಿದ್ದಳು. ಫೆಬ್ರವರಿಯಲ್ಲಿ ಅಗ್ನೇಸ್ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಬಿದ್ದಳು. ಮಕ್ಕಳು ಚೀರಿ ಓಡಿದರು. ಯಾರೋ ಕೈಗೆ ಕಬ್ಬಿಣ ಕೊಟ್ಟರಂತೆ, ಯಾರೋ ನೀರು ಎರಚಿದರಂತೆ. ಮರುದಿನ ಹೆಡ್‌ಮೇಡಂ ನನ್ನನ್ನು ಕರೆಸಿ, ಇಷ್ಟು ಮಕ್ಕಳ ನಡುವೆ ಇವಳ ಜವಾಬ್ದಾರಿ ತಮ್ಮಿಂದಾಗದು, ಪೂರ್ತಿ ಆರಾಮಾದ ಮೇಲೆ ಕರೆತನ್ನಿ ಎಂದರು. ನಾನೂ ನನ್ನ ಅಜ್ಜಿಯ ಮೊಮ್ಮಗಳೇ. ಮೂರು ದಿನ ಮಗುವಿನ ಕೈ ಹಿಡಿದು ಆ ಗೇಟಿನ ಮುಂದೆ ನಿಂತೆ. ನಿಮ್ಮ ಅಳಿಯ ತಾಲೂಕು ಆಸ್ಪತ್ರೆಯ ಡಾಕ್ಟರಿಂದ, ಮಗು ಶಾಲೆಗೆ ಬರಬಹುದೆಂದು ಚೀಟಿ ಬರೆಸಿ ತಂದರು. ನಾಲ್ಕನೆಯ ದಿನ ಗೇಟು ತೆರೆದರು.

ಒಳಗೆ ಹೋಗದವಳು ಅಗ್ನೇಸ್. ಗೇಟಿನ ಸರಳು ಹಿಡಿದು ನಿಂತುಬಿಟ್ಟಳು. "ಯವ್ವಾ, ಎಲ್ಲಾರೂ ನನ್ನ ಮಾರೀನ ನೋಡ್ತಾರ. ಯಾವಾಗ ಬೀಳ್ತೀನಂತ ಕಾಯ್ತಾರ," ಎಂದಳು. ನಿಮ್ಮ ತಾಯಿಗೆ ಇದ್ದದ್ದು ಒಳಗೆ ಹೋಗಲು ಹಂಬಲಿಸುವ ಮಗ. ನನ್ನ ಕೈಯಲ್ಲಿದ್ದದ್ದು ನಡುಗುವ ಮಗಳು. ಎತ್ತಿಕೊಂಡು ಮನೆಗೆ ಬಂದೆ. ಅದಕ್ಕೆ ನೀವು ನೆಪ ಎಂದಿರಿ.

ಈಗ ಕಿಟಕಿಯ ಕ್ಲಾಸಿನಲ್ಲಿ ಏನಾಯಿತು ಕೇಳಿ. ಹೋದ ವಾರ ಗಣಿತದ ನಡುವೆ ಅವಳಿಗೆ ಮತ್ತೆ ಬಂತು. ನಾನು ಒಲೆಯ ಮುಂದಿಂದ ಓಡಿಬಂದು ಪಕ್ಕಕ್ಕೆ ಮಲಗಿಸಿದೆ. ಕ್ಯಾಮೆರಾ ಮುಚ್ಚುವುದು ನೆನಪಾಗಲಿಲ್ಲ. ಫಿಲೋಮಿನಾ ಟೀಚರ್ ಆ ಕಡೆಯಿಂದ ಮಕ್ಕಳಿಗೆ, "ಎಲ್ಲಾರೂ ಕಣ್ಣು ಮುಚ್ಚರಿ. ನಮ್ಮ ಅಗ್ನೇಸ್ ಸಲುವಾಗಿ ಸಾವಕಾಶ ಜಪ ಮಾಡೂಣು," ಎಂದರು. ಹದಿಮೂರು ಮಕ್ಕಳು ಕಣ್ಣು ಮುಚ್ಚಿ ನಮೋ ಮರಿಯಾ ಹೇಳುತ್ತ ಕೂತರು. ಮೈಕುಗಳು ಮುಚ್ಚಿದ್ದವು, ತುಟಿಗಳು ಮಾತ್ರ ಆಡುತ್ತಿದ್ದವು. ಅವಳು ಎದ್ದು ಮುಖ ತೊಳೆದು ಕೂರುವ ತನಕ ಕಾದರು. ಯಾರೂ ಏನೂ ಕೇಳಲಿಲ್ಲ. ಟೀಚರ್ ಮಾತ್ರ, "ಅಗ್ನೇಸ್, ನಾಲ್ಕರಲ್ಲಿ ಮೂರು ಭಾಗದ ತನಕ ಬಂದಿದ್ದೆವು," ಎಂದು ಅದೇ ಲೆಕ್ಕದಿಂದ ಮುಂದುವರಿಸಿದರು. ಅಗ್ನೇಸ್ ಲೆಕ್ಕ ಮುಗಿಸಿದಳು, ಸರಿಯಾಗಿಯೇ.

ಆ ದಿನ ನಾನು ಅಡುಗೆಮನೆಗೆ ಹೋಗಿ ಅತ್ತೆ. ದುಃಖಕ್ಕಲ್ಲ. ಆ ಹೆಂಗಸಿನ ಮುಖವನ್ನು ನಾನು ಇನ್ನೂ ನೇರವಾಗಿ ನೋಡಿಲ್ಲ, ಆದರೂ ನನ್ನ ದಿನದ ಜಪದಲ್ಲಿ ಅವರ ಹೆಸರಿದೆ.

ಸಲೋಮಿ


ಮಾನ್ವಿ
೩೦ ಆಗಸ್ಟ್ ೨೦೨೪

ಸಲೋಮಿಗೆ,

ನೆಪ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನಿನ್ನ ಪತ್ರವನ್ನು ಒಂದೇ ಸಲಕ್ಕೆ ಓದಿ ಮುಗಿಸಲಾಗಲಿಲ್ಲ. ಕಾರಣ ಈಗ ಬೇಡ. ಮಗುವಿನ ಮಾತ್ರೆ ಯಾವುದು, ಎಷ್ಟು ಹೊತ್ತಿಗೆ ಕೊಡುತ್ತೀರಿ ಎಂದು ಬರೆದು ತಿಳಿಸು. ಬಸ್ಸಿನಲ್ಲಿ ಒಂದು ಗಂಟು ಕಳಿಸಿದ್ದೇನೆ. ಅದರಲ್ಲಿ ನನ್ನ ಹಳೆಯ ಭೂಪಟ ಇದೆ, ಎರಡು ವ್ಯಾಕರಣದ ಪುಸ್ತಕ ಇವೆ, ನಿಮ್ಮವ್ವ ಮಾಡಿದ ಶೇಂಗಾ ಹೋಳಿಗೆ ಇವೆ.

ಮೊಮ್ಮಗಳು ನಿನ್ನ ಲಕೋಟೆಯಲ್ಲಿ ಇಟ್ಟಿದ್ದ ಚೀಟಿ ನೋಡಿದೆ. ಅಕ್ಷರ ದುಂಡಗಿದೆ, ವಾಕ್ಯಗಳು ಕುಂಟುತ್ತಿವೆ. ಆ ಕ್ಲಾಸಿನಲ್ಲಿ ಕನ್ನಡ ಕಲಿಸುವವರು ಯಾರು? ಕಲಿಸುತ್ತಾರೋ, ಬರೀ ಜಪವೋ?

ಅಪ್ಪ


ದೇವದುರ್ಗ
೧೪ ಅಕ್ಟೋಬರ್ ೨೦೨೪

ಅಪ್ಪನಿಗೆ ನಮಸ್ಕಾರ.

ಹೋಳಿಗೆ ಎರಡೇ ದಿನಕ್ಕೆ ಖಾಲಿ. ಭೂಪಟ ಗೋಡೆಯ ಮೇಲಿದೆ. ಅಗ್ನೇಸ್ ಅದರಲ್ಲಿ ಗೆಳತಿಯರ ಊರುಗಳಿಗೆಲ್ಲ ಕುಂಕುಮದ ಬೊಟ್ಟಿನಷ್ಟು ಬಣ್ಣ ಹಚ್ಚಿದ್ದಾಳೆ.

ನೀವು ಕೇಳಿದ ಕನ್ನಡದ ಪ್ರಶ್ನೆ ಸರಿಯಾದ ಜಾಗಕ್ಕೇ ಬಿತ್ತು. ಕನ್ನಡ ಕಲಿಸುತ್ತಿದ್ದ ಮಂಗಳೂರಿನ ಟೀಚರ್ ಗಂಡನ ಜೊತೆ ಕುವೈತಿಗೆ ಹೋಗಿ ಆರು ವಾರವಾಯಿತು. ಮಂಗಳವಾರ, ಗುರುವಾರದ ಹತ್ತೂವರೆಯ ಕ್ಲಾಸು ಖಾಲಿ. ತಿಂಗಳ ಮೊದಲ ಶನಿವಾರ ತಂದೆತಾಯಿಯರ ಸಭೆ ಇರುತ್ತದೆ. ಅಲ್ಲಿ ನಾನು ಕೈಯೆತ್ತಿ ನಿಮ್ಮ ಹೆಸರು ಹೇಳಿದೆ. ಹೇಳಿಯಾಯಿತು, ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ಕಿವಿ ಕೇಳುವುದಿಲ್ಲ ಎನ್ನುತ್ತೀರಿ. ಈ ಕ್ಲಾಸಿನಲ್ಲಿ ಕಿವಿಗೆ ಕೆಲಸವೇ ಇಲ್ಲ ಅಪ್ಪ. ಪಾಠದ ಹೊತ್ತಿನಲ್ಲಿ ಮಕ್ಕಳ ಮೈಕುಗಳೆಲ್ಲ ಮುಚ್ಚಿರುತ್ತವೆ. ಇಲ್ಲದಿದ್ದರೆ ಒಬ್ಬರ ಮನೆಯ ಕುಕ್ಕರು, ಇನ್ನೊಬ್ಬರ ಮನೆಯ ನಾಯಿ, ನಮ್ಮ ಮನೆಯ ಹೊಲಿಗೆ ಮಿಷನ್ನು ಎಲ್ಲ ಸೇರಿ ಸಂತೆಯಾಗುತ್ತದೆ. ಪ್ರಶ್ನೆ ಇದ್ದವರು ಒಂದು ಗುಂಡಿ ಒತ್ತಿದರೆ ಅವರ ಹೆಸರಿನ ಪಕ್ಕ ಎತ್ತಿದ ಕೈಯ ಚಿತ್ರ ಬರುತ್ತದೆ. ಪ್ರಶ್ನೆಯನ್ನು ಕನ್ನಡದಲ್ಲೇ ಬರೆದು ಕಳಿಸುತ್ತಾರೆ, ಅದು ಪರದೆಯ ಬದಿಯಲ್ಲಿ ದಪ್ಪಕ್ಷರದಲ್ಲಿ ಕಾಣುತ್ತದೆ. ನೀವು ಮಾತಾಡಬೇಕು, ಓದಬೇಕು, ಅಷ್ಟೆ. ಎರಡರಲ್ಲೂ ನಿಮ್ಮನ್ನು ಮೀರಿಸುವವರು ಮಾನ್ವಿ ತಾಲೂಕಿನಲ್ಲಿ ಹುಟ್ಟಿಲ್ಲ ಎಂದು ಅವ್ವನೇ ಹೇಳುತ್ತಾಳೆ, ಅದೂ ಜಗಳದ ಹೊತ್ತಿನಲ್ಲಿ.

ನಿವೃತ್ತಿಗೆ ಎರಡು ವರ್ಷ ಮೊದಲೇ ನೀವು ಶಾಲೆ ಬಿಟ್ಟಿರಿ. ಯಾಕೆಂದು ನಮಗ್ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ನೀವು ನೀವಾಗಿಲ್ಲ. ಈ ಹದಿನಾಲ್ಕು ಮಕ್ಕಳಿಗೆ ಕನ್ನಡ ಬೇಕು ಎಂಬುದು ನಿಜ. ನನಗೆ ನನ್ನ ಅಪ್ಪ ಬೇಕು ಎಂಬುದು ಅದಕ್ಕಿಂತ ನಿಜ. ದಯವಿಟ್ಟು ಹೂಂ ಎನ್ನಿ.

ಸಲೋಮಿ


ಮಾನ್ವಿ
೨೬ ಅಕ್ಟೋಬರ್ ೨೦೨೪

ಸಲೋಮಿಗೆ,

ನನ್ನನ್ನು ಕೇಳದೆ ನನ್ನ ಹೆಸರು ಹೇಳಿದ್ದು ತಪ್ಪು. ನಾನು ಪಾಠ ಬಿಟ್ಟವನು. ಯಾಕೆ ಬಿಟ್ಟೆನೆಂಬುದು ನನಗೂ ದೇವರಿಗೂ ಗೊತ್ತಿದ್ದರೆ ಸಾಕು. ಮಕ್ಕಳ ಮುಂದೆ ನಿಲ್ಲುವ ಯೋಗ್ಯತೆ ನನ್ನಲ್ಲಿ ಉಳಿದಿಲ್ಲ. ಫಿಲೋಮಿನಾ ಟೀಚರಿಗೆ ನನ್ನ ನಮಸ್ಕಾರ ತಿಳಿಸಿ, ಬೇರೆಯವರನ್ನು ನೋಡಿಕೊಳ್ಳಲು ಹೇಳು.

ಅಪ್ಪ

(ಅದೇ ಹಾಳೆಯ ಕೆಳಗೆ, ಬೇರೆ ಕೈಬರಹದಲ್ಲಿ)

ಸಲೋಮಿ, ನಾನು ನಿಮ್ಮವ್ವ. ಈ ಕಾಗದ ಡಬ್ಬಿಗೆ ಹಾಕಂತ ನನ್ನ ಕೈಯಾಗ ಕೊಟ್ಟು ಎಂಟು ದಿನ ಆತು. ನಾ ಹಾಕಿಲ್ಲ.  ನಾಲ್ಕನೇ ದಿನ ಚರ್ಚಿನ ಗುಡಿಗೆ ಹೋಗಿ ಸ್ವಾಮಿಗಳ ಮುಂದ ಕುಂತು ಪಾಪನಿವೇದನೆ ಮಾಡಿ ಬಂದ್ರು. ಏನು ಹೇಳಿದ್ರೋ ನನಗ ಗೊತ್ತಿಲ್ಲ, ಮಾರಿ ಮಾತ್ರ ಹಗುರಾಗಿತ್ತು. ಮರುದಿನದಿಂದ ಟೈಪಿಂಗ್ ಕ್ಲಾಸಿನ ಅಮೀರ್ ಸಾಬ್‌ರ ಅಂಗಡಿಗೆ ಹೊಂಟಾರ. ಇಬ್ಬರೂ ಮುದುಕರು ಕಂಪ್ಯೂಟರ್ ಮುಂದ ಕುಂತು ಬಡದಾಡಾಕತ್ತಾರ. ನಿನ್ನೆ ಎರಡು ಅಂಗಿ ಇಸ್ತ್ರಿಗೆ ಕೊಟ್ಟಾರ. ಕನ್ನಡಿ ಮುಂದ ನಿಂತು ಸಂಧಿ ಸಮಾಸ ಹೇಳಾಕತ್ತಾರ. ಮ್ಯಾಲೆ ಬರದದ್ದು ಓದಬ್ಯಾಡ. ಟೀಚರ್‌ಗೆ ಮಂಗಳವಾರ ಬರ್ತಾರಂತ ಹೇಳು.

ರಾಹೇಲಮ್ಮ


ದೇವದುರ್ಗ
೧೩ ನವೆಂಬರ್ ೨೦೨೪

ಅಪ್ಪ,

ನಿನ್ನೆಯ ಕ್ಲಾಸಿನ ಸುದ್ದಿ ಹನ್ನೊಂದು ಮನೆಯಲ್ಲೂ ಹಬ್ಬಿದೆ. ನಿಮಗೆ ನೀವು ಮಾಡಿದ್ದು ಪೂರ್ತಿ ಗೊತ್ತಿಲ್ಲ, ಕೇಳಿ.

ಹೊಸ ಮಾಸ್ತರರಿಗೆ ಮರ್ಯಾದೆ ಎಂದು ಫಿಲೋಮಿನಾ ಟೀಚರ್ ಹಾಜರಿಯ ಹೊತ್ತಿಗೆ ಎಲ್ಲರ ಮೈಕು ತೆರೆಸಿದ್ದರು. ನೀವು ದೊಡ್ಡ ರಿಜಿಸ್ಟರ್ ಬಿಡಿಸಿ ಒಂದೊಂದೇ ಹೆಸರು ಕರೆದಿರಿ. ಮಕ್ಕಳು "ಹಾಜರ್ ಸರ್" ಎಂದು ಗಂಟಲು ಹರಿಯುವಂತೆ ಕೂಗಿದರು. ನೀವು ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ. ಹದಿನಾಲ್ಕು ಮಕ್ಕಳಿಗೂ ಗೈರುಹಾಜರಿ ಹಾಕಿದಿರಿ. ಹಾಕಿ, ಕನ್ನಡಕ ತೆಗೆದು, ಶಿಸ್ತಿನ ಬಗ್ಗೆ ಐದು ನಿಮಿಷ ಭಾಷಣ ಮಾಡಿದಿರಿ, ಎದುರಿಗೇ ಕೂತಿದ್ದ ಹದಿನಾಲ್ಕು ಮುಖಗಳಿಗೆ. ಅಮೀರ್ ಸಾಬರು ನಿಮ್ಮ ಹಿಂದೆ ನಿಂತು ಕೈಕೈ ಆಡಿಸುತ್ತಿದ್ದರು. ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಾನು ಹೊಲಿಗೆ ಬಿಟ್ಟು ನೆಲಕ್ಕೆ ಕೂತೆ. ಇಲ್ಲಿಗೆ ಮುಗಿಯಿತು, ಇನ್ನು ಎದ್ದು ಹೋಗುತ್ತಾರೆ, ಮತ್ತೆಂದೂ ಬರುವುದಿಲ್ಲ ಎಂದುಕೊಂಡೆ.

ಆಗ ಅಗ್ನೇಸ್ ಬರೆದಳು: "ತಾತ, ನಾವೆಲ್ಲ ಇದ್ದೇವೆ." ಅವಳ ಹಿಂದೆ ಉಳಿದವರೂ ಬರೆದರು. ನಾನೂ ಇದ್ದೇನೆ ಸರ್, ನಾನೂ ಇದ್ದೇನೆ ಸರ್. ನೀವು ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗಿಸಿ ಒಂದೊಂದೇ ಸಾಲು ಓದಿದಿರಿ.  ಆಮೇಲೆ ನಕ್ಕಿರಿ ಅಪ್ಪ, ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನೀವು ಹಾಗೆ ನಗುವುದನ್ನು ಅಗ್ನೇಸ್ ಹುಟ್ಟಿದಾಗಿನಿಂದ ನೋಡಿಲ್ಲ. ಉಳಿದ ಅರ್ಧ ಗಂಟೆ ನೀವು ಕಲಿಸಿದ್ದನ್ನು ನಾನೂ ಬರೆದುಕೊಂಡೆ.

ನೀವು ಹೂಂ ಎಂದದ್ದಕ್ಕೆ ನಾನು ಹೇಗೆ ಉಪಕಾರ ಹೇಳಲಿ? ಗುರುವಾರ ಕಾಯುತ್ತೇವೆ.

ಸಲೋಮಿ


ಮಾನ್ವಿ
೫ ಡಿಸೆಂಬರ್ ೨೦೨೪

ಸಲೋಮಿಗೆ,

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಶುರುವಾಯಿತು. ಚಳಿಯಲ್ಲಿ ಮಗುವಿಗೆ ತಲೆಗೆ ಕಟ್ಟು.

ಬಳ್ಳಾರಿಯ ಅಣ್ಣತಮ್ಮಂದಿರು ಪಾಠದ ಹೊತ್ತಿನಲ್ಲಿ ಏನೋ ಮೆಲ್ಲುತ್ತಾರೆ, ಕ್ಯಾಮೆರಾ ಮೇಲೆತ್ತಿ ಬಾಯಿ ಮರೆಮಾಡುತ್ತಾರೆ. ನಾನು ಆ ವಿದ್ಯೆಯನ್ನು ಅವರಿಗಿಂತ ಮೊದಲೇ ನೋಡಿದವನು ಎಂದು ಅವರ ತಾಯಿಗೆ ತಿಳಿಸು. ಕ್ಲಾಸಿಗೆ ಮೊದಲು ಅಮೀರ್ ಸಾಬ್ ಈಗ ತಮ್ಮ ಅಂಗಡಿಯ ಬಾಗಿಲು ಹಾಕಿ, ಯಾರೂ ಬಾರದಂತೆ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪಾಠ ಶುರುಮಾಡುವಾಗಿನ ನಮ್ಮ ಜಪ ಮುಗಿಯುವ ತನಕ ಅವರೂ ಎದ್ದು ನಿಲ್ಲುತ್ತಾರೆ ಎಂದು ನಿಮ್ಮವ್ವ ಹೇಳಿದಳು. ಕೆಂಪು ಶಾಯಿಯ ಪೆನ್ನು ಮುಗಿದಿದೆ, ರಾಯಚೂರಿಗೆ ಹೋದವರ ಕೈಲಿ ನಾಲ್ಕು ತರಿಸು.

ಅಪ್ಪ


ಮಾನ್ವಿ
೨೧ ಜನವರಿ ೨೦೨೫

ಪ್ರೀತಿಯ ಸಲೋಮಿ,

ಇಂದು ಸಂತ ಅಗ್ನೇಸಳ ಹಬ್ಬ. ಚರ್ಚಿನ ಬೆಳಗಿನ ಬಲಿಪೂಜೆಯಲ್ಲಿ ಮೊಮ್ಮಗಳ ಹೆಸರು ಹೇಳಿಸಿ ಬಂದೆ.

ಹೋದ ಗುರುವಾರ ಕ್ಲಾಸಿನ ನಡುವೆ ನಾನು ಕ್ಯಾಮೆರಾ ಮುಚ್ಚಿದ್ದಕ್ಕೆ ನೀನು ನಿಮ್ಮವ್ವನಿಗೆ ಫೋನ್ ಮಾಡಿ, ಕರೆಂಟ್ ಹೋಗಿತ್ತೇ ಎಂದು ಕೇಳಿದೆಯಂತೆ. ಕರೆಂಟ್ ಇತ್ತು, ನೆಟ್ಟೂ ಇತ್ತು. ಕಾರವಾರದ ರೀಟಾ, ಎರಡು ಜಡೆಯ ಹುಡುಗಿ, ಪಾಠದ ಮಧ್ಯೆ ಒಂದು ಸಾಲು ಬರೆದಿದ್ದಳು. "ಸರ್, ಹೊರಗೆ ಹೋಗಿ ಬರಲಾ?" ನಾನು ಓದಿದೆ. "ಹೋಗಿ ಬಾರವ್ವ," ಎಂದೆ.  ನಾನು ಅಳುವುದನ್ನು ಮಕ್ಕಳು ನೋಡಬಾರದೆಂದು ಕ್ಯಾಮೆರಾ ಮುಚ್ಚಿದೆ.

ಯಾಕೆಂದು ನಿನಗೆ ಹೇಳಬೇಕು. ಅಕ್ಟೋಬರಿನಲ್ಲಿ ಸ್ವಾಮಿಗಳ ಮುಂದೆ ಮಾತ್ರ ಹೇಳಿದ್ದೆ. ನಾನು ಶಾಲೆ ಬಿಟ್ಟ ವರ್ಷ ನಾಲ್ಕನೆಯ ತರಗತಿಯಲ್ಲಿ ಗೋಪಮ್ಮ ಎಂಬ ಹುಡುಗಿ ಇದ್ದಳು. ಅವಳ ಮನೆಗೆ ಹತ್ತು ಸಲ ನಡೆದು, ತಾಯಿಯ ಕೈಕಾಲು ಹಿಡಿದು, ಹತ್ತಿ ಬಿಡಿಸುವ ಕೆಲಸದಿಂದ ಬಿಡಿಸಿ ಶಾಲೆಗೆ ತಂದವನು ನಾನೇ. ಆಗಲೇ ನನಗೆ ಕಿವಿ ಕೇಳುತ್ತಿರಲಿಲ್ಲ. ಯಾರಿಗೂ ಹೇಳದೆ ಮುಚ್ಚಿಟ್ಟಿದ್ದೆ, ಕುರ್ಚಿ ಹೋದೀತೆಂಬ ಹೆದರಿಕೆ. ಒಂದು ದಿನ ಪಾಠದ ನಡುವೆ ಅವಳು ಎದ್ದು ನಿಂತು ಏನೋ ಅಂದಳು. ಮತ್ತೆ ಅಂದಳು. ಮೂರನೆಯ ಸಲ ಅಂದಾಗ ಮಕ್ಕಳು ನಕ್ಕರು. ನನ್ನ ಕಿವಿಯನ್ನು ಹಾಸ್ಯ ಮಾಡುತ್ತಿದ್ದಾಳೆ ಎಂದುಕೊಂಡೆ. ಕೈ ಚಾಚಿಸಿ ಎರಡು ಏಟು ಹೊಡೆದೆ. ಅವಳು ನಿಂತಲ್ಲೇ ನಿಂತಿದ್ದಳು, ಲಂಗ ಒದ್ದೆಯಾಗಿ ನೆಲಕ್ಕೆ ನೀರು ಇಳಿಯಿತು. ಆ ಮಗು ಹೊರಗೆ ಹೋಗಿಬರಲು ಕೇಳಿತ್ತು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಮೂರು ಸಲ ಮನೆಗೆ ಹೋದೆ. ನನ್ನನ್ನು ಕಂಡು ಬಾಗಿಲ ಹಿಂದೆ ಅಡಗಿದಳು. ನಾಲ್ಕನೆಯ ಸಲ ಹೋದಾಗ ಮನೆಯವರೆಲ್ಲ ಕೂಲಿಗೆಂದು ಊರು ಬಿಟ್ಟಿದ್ದರು. ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಆ ತಿಂಗಳೇ ರಾಜೀನಾಮೆ ಬರೆದುಕೊಟ್ಟೆ. ಮಗುವನ್ನು ಗೇಟಿನಿಂದ ಹೊರಗೆ ತಂದೆ ಎಂದು ನಿನ್ನನ್ನು ಬೈದೆನಲ್ಲ, ಹೊರಗೆ ಹಾಕಿದವನು ನಾನು. ನೀನು ಎತ್ತಿಕೊಂಡು ಬಂದೆ, ನಾನು ಹೊಡೆದು ಓಡಿಸಿದೆ. ನಿನ್ನ ಆಗಸ್ಟ್ ಪತ್ರ ಓದಿದಾಗ ಗೇಟಿನ ಸರಳು ಹಿಡಿದು ನಿಂತವಳು ನನಗೆ ಅಗ್ನೇಸಳಾಗಿ ಕಾಣಲಿಲ್ಲ, ಗೋಪಮ್ಮಳಾಗಿ ಕಂಡಳು.

ಶಾಲೆಯ ಗೇಟು ಎಲ್ಲ ಮಕ್ಕಳಿಗೂ ತೆರೆದಿರಬೇಕು ಎಂಬ ಮಾತನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅಗ್ನೇಸ್ ತಯಾರಾದ ದಿನ ಅವಳ ಜೊತೆ ನಾನೇ ಹೋಗಿ ನಿಲ್ಲುತ್ತೇನೆ. ಅಲ್ಲಿಯ ತನಕ ಅವಳು ಎಲ್ಲಿ ಹೆದರದೆ ಕೂರುತ್ತಾಳೋ ಅದೇ ಶಾಲೆ. ಮಕ್ಕಳು ಹೇಳುವುದು ನನಗೆ ತಿಳಿಯುವಂಥ ಒಂದು ತರಗತಿಯನ್ನು ನೀನು ಹುಡುಕಿಕೊಟ್ಟೆ. ಅದಕ್ಕೆ ನಾನು ನಿನಗೆ ಋಣಿ, ಆ ಟೀಚರಿಗೆ ಋಣಿ, ದೇವರಿಗೆ ಋಣಿ. ಇದನ್ನು ಮೊದಲೇ ಹೇಳಬೇಕಿತ್ತು.

ನಾನು ಕಣ್ಣೊರೆಸಿಕೊಂಡು ಕ್ಯಾಮೆರಾ ತೆರೆದಾಗ ರೀಟಾ ವಾಪಸ್ ಬಂದು ತನ್ನ ಜಾಗದಲ್ಲಿ ಕೂತಿದ್ದಳು. "ಬಂದೆ ಸರ್," ಎಂದು ಬರೆದಳು. ನಾನು ಅದನ್ನು ಎರಡು ಸಲ ಓದಿ ಪಾಠ ಮುಂದುವರಿಸಿದೆ.

ನಿನ್ನ ಅಪ್ಪ
ಜೋಜಪ್ಪ